ಎಲ್‌ಇಡಿ ಬಲ್ಬಿನ ಹಳದಿ ಪುಡಿಗೆ ‘ರಂಜಕ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಶಿರಸಿ ಹತ್ತಿರದ ನಮ್ಮೂರ ಹೈಸ್ಕೂಲ್ ಮಕ್ಕಳಿಗಾಗಿ ಎಲ್‌ಇಡಿ ಬಲ್ಬಿನ ಬಗ್ಗೆ ಒಂದು ಪುಟ್ಟ ಪುಸ್ತಿಕೆ ಬರೆಯುತ್ತಿದ್ದೇನೆ. ಒಂದೇ ಒಂದು ಪದಕ್ಕೆ ಬಂದು ನಿಂತಿದೆ: ಫಾಸ್ಫರ್, ಅಂದರೆ ಬಲ್ಬಿನೊಳಗಿನ ಆ ಹಳದಿ ಪುಡಿ.

ಕರಡಿನಲ್ಲಿ ‘ರಂಜಕ’ ಎಂದು ಬರೆದಿದ್ದೆ. ಓದಿದ ಹುಡುಗಿಯೊಬ್ಬಳು ಕೇಳಿದಳು, “ಬೆಂಕಿಪೊಟ್ಟಣದ ರಂಜಕವೇ ಬಲ್ಬಿನಲ್ಲೂ ಇದ್ಯಾ? ಒಡೆದ್ರೆ ಹೊತ್ತಿಕೊಳ್ಳುದಿಲ್ವಾ?” ಅವಳು ಕೇಳಿದ್ದು ಸರಿ, ನಾನು ಬರೆದದ್ದು ತಪ್ಪು. ಪಠ್ಯಪುಸ್ತಕದಲ್ಲಿ ರಂಜಕ ಎಂದರೆ ಫಾಸ್ಫರಸ್. ಬಿಳಿ ಎಲ್‌ಇಡಿಗೆ ಸಾಮಾನ್ಯವಾಗಿ ಹಾಕುವ ಹಳದಿ ಫಾಸ್ಫರ್‌ನಲ್ಲಿ ಇರುವುದು ಇಟ್ರಿಯಮ್, ಅಲ್ಯುಮಿನಿಯಮ್, ಆಮ್ಲಜನಕ, ಜತೆಗೆ ಚೂರು ಸೀರಿಯಮ್. ಅದರಲ್ಲಿ ರಂಜಕ ಇಲ್ಲವೇ ಇಲ್ಲ.

ಫಾಸ್ಫರ್, ಫಾಸ್ಫರಸ್ ಎರಡೂ ‘ಬೆಳಕು ಹೊರುವುದು’ ಎಂಬ ಗ್ರೀಕ್ ಮಾತಿನಿಂದ ಬಂದವು. ಗ್ರೀಕರು ಬೆಳ್ಳಿಚುಕ್ಕಿಯನ್ನೂ ಹೀಗೇ ಕರೆಯುತ್ತಿದ್ದರು. ನಮ್ಮ ‘ರಂಜಕ’ಕ್ಕೆ ‘ಬಣ್ಣ ಕೊಡುವುದು’ ಎಂಬ ಅರ್ಥವೂ ಇದೆ. ಹಾಗೆ ನೋಡಿದರೆ ಆ ಪದ ಫಾಸ್ಫರ್‌ಗೇ ಜಾಸ್ತಿ ಒಪ್ಪುತ್ತಿತ್ತು. ಆದರೆ ಅದು ಆಗಲೇ ಬೇರೆಯದಕ್ಕೆ ಅಂಟಿಕೊಂಡಿದೆ. ತಪ್ಪು ಹೆಸರು ಒಮ್ಮೆ ನಿಂತರೆ ಬಿಡಿಸುವುದು ಕಷ್ಟ. ಗಾಡಿಯ ಹಿಂದೆ ಹೊಳೆಯುವ ಪಟ್ಟಿಯನ್ನು ಇವತ್ತಿಗೂ ‘ರೇಡಿಯಂ’ ಅನ್ನುತ್ತೇವೆ, ಅದರಲ್ಲಿ ರೇಡಿಯಂ ಇಲ್ಲ ಅಲ್ವಾ?

ಫಾಸ್ಫರ್‌ಗೆ ಬೇರೆ ಕನ್ನಡ ಪದ ಹುಡುಕುವವರಿಗೆ ಅದರ ಕೆಲಸ ಗೊತ್ತಿದ್ದರೆ ಒಳ್ಳೆಯದು. ಎಲ್‌ಇಡಿಯೊಳಗಿನ ಗ್ಯಾಲಿಯಮ್ ನೈಟ್ರೈಡ್ ಚಿಪ್ ಕೊಡುವುದು ನೀಲಿ ಬೆಳಕು. ಈ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತವಿಜ್ಞಾನ ನೊಬೆಲ್ ಬಂತು. ಆ ನೀಲಿಯಲ್ಲಿ ಒಂದಿಷ್ಟನ್ನು ಫಾಸ್ಫರ್ ನುಂಗಿ ಹಳದಿಯಾಗಿ ಬಿಡುತ್ತದೆ. ಉಳಿದ ನೀಲಿಯೂ ಈ ಹಳದಿಯೂ ಬೆರೆತು ನಮಗೆ ಬಿಳಿಯಾಗಿ ಕಾಣುತ್ತದೆ.

ಯಕ್ಷಗಾನದ ಆಟಕ್ಕೆ ಗ್ಯಾಸ್‌ಲೈಟ್ ಹಚ್ಚುತ್ತಿದ್ದ ಕಾಲ ಕಂಡವರು ಅದರೊಳಗೆ ಬೆಳಗುವ ಬಲೆಯಂಥ ಚೀಲ, ಮ್ಯಾಂಟಲ್, ನೋಡಿರುತ್ತೀರಿ. ಅದರಲ್ಲೂ ಥೋರಿಯಮ್ ಜತೆ ಶೇಕಡಾ 1ರಷ್ಟು ಸೀರಿಯಮ್ ಇರುತ್ತಿತ್ತು. ಯಕ್ಷಗಾನದ ರಾತ್ರಿಗಳನ್ನು ಬೆಳಗಿದ ಆ ಸೀರಿಯಮ್ಮೇ ಈಗ ನಮ್ಮ ಅಡುಗೆಮನೆಯ ಬಲ್ಬಿನಲ್ಲಿದೆ ಎಂದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಆದರೆ ಮ್ಯಾಂಟಲ್ ಕಾದು ಬೆಳಗುತ್ತಿತ್ತು. ಫಾಸ್ಫರ್ ಬೆಳಗಲು ಬಿಸಿಯಾಗಬೇಕಾಗಿಲ್ಲ. 60 ವ್ಯಾಟಿನ ಹಳೆ ಬಲ್ಬಿನಷ್ಟು ಬೆಳಕು ಸುಮಾರು 9 ವ್ಯಾಟಿನಲ್ಲಿ ಸಿಗುವುದೂ ಹೀಗೆ ಕಾಯಿಸದೆ ಬೆಳಗುವುದರಿಂದಲೇ. ಹಾಗಾಗಿ ಉರಿ, ಕಾವು ನೆನಪಿಸುವ ಪದ ಬೇಡ.

ವೈರಿಂಗ್ ಕೆಲಸದವರೊಬ್ಬರನ್ನು ಕೇಳಿದೆ. “ಟ್ಯೂಬ್‌ಲೈಟ್ ಒಡೆದ್ರೆ ಬಿಳಿ ಪುಡಿ ಬರ್ತದಲ್ಲ, ಅದೇ ಅಲ್ವಾ?” ಎಂದರು. ಹೌದು, ಅದೂ ಫಾಸ್ಫರೇ. (ಹಳೆಯ ಟ್ಯೂಬ್‌ಲೈಟಿನ ಪುಡಿಯಲ್ಲಿ ರಂಜಕದ ಸಂಯುಕ್ತ ಇರುತ್ತಿತ್ತು. ಗೊಂದಲಕ್ಕೆ ಅದೂ ಸೇರಿಕೊಳ್ಳುತ್ತದೆ.) ಅವರ ಮಾತಿನಿಂದ ನನಗೆ ‘ಬೆಳಕುಪುಡಿ’ ಹೊಳೆಯಿತು. ‘ದೀಪ್ತಕ’ವೂ ಮನಸ್ಸಿಗೆ ಬಂದಿತ್ತು, ಆದರೆ ಮಕ್ಕಳಿಗೆ ಅದನ್ನೇ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ.

‘ಬೆಳಕುಪುಡಿ’ಯಲ್ಲಿ ನನಗೆ ಕಾಣುವ ತೊಡಕು ಒಂದೇ. ಪುಡಿ ತಾನಾಗಿಯೇ ಬೆಳಗುತ್ತದೆ ಎಂದು ಯಾರಾದರೂ ತಿಳಿದುಬಿಟ್ಟರೆ? ಒಂದು ಬೆಳಕು ತಗೊಂಡು ಇನ್ನೊಂದು ಬೆಳಕು ಕೊಡುವುದು ಅದರ ಕೆಲಸ. ಆ ಕೊಡುಕೊಳ್ಳುವಿಕೆ ಪದದಲ್ಲೇ ಕಾಣುವಂತೆ ಮಾಡಬಹುದೇ? ಕಾರವಾರ, ಕುಮಟಾ, ಹೊನ್ನಾವರ ಕಡೆಯವರ ಬಾಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ. “ನೀಲಿ ಬೆಳಕು ಬೆಳಕುಪುಡಿಗೆ ತಾಗಿ ಹಳದಿಯಾಗುತ್ತದೆ” ಎಂಬ ವಾಕ್ಯದಲ್ಲಿ ನಿಮ್ಮ ಪದ ಇಟ್ಟು ಓದಿ ನೋಡಿ, ಆಮೇಲೆ ತಿಳಿಸಿ.