1.2 ಲಕ್ಷದಲ್ಲಿ 4ಕೆ ಗೇಮಿಂಗ್ ಪಿಸಿ ಆಗುತ್ತಾ? ಈ ಕೊಟೇಶನ್ ನೋಡಿ ಹೇಳಿ

ಬೆಣ್ಣೆದೋಸೆ_17:

ನಮಸ್ಕಾರ, ದಾವಣಗೆರೆಯಿಂದ. ಎರಡು ವರ್ಷದಿಂದ ಸಂಬಳದಲ್ಲಿ ಅಷ್ಟಿಷ್ಟು ಎತ್ತಿಟ್ಟು 1.2 ಲಕ್ಷ ಸೇರಿಸಿದ್ದೇನೆ. ಮಾನಿಟರ್ ಕೂಡ ಇದರಲ್ಲೇ ಬರಬೇಕು. ಮನೇಲಿ ಆಫೀಸ್ ಕೆಲಸಕ್ಕೆ ಅಂತ ಹೇಳಿದ್ದೇನೆ. ಅರ್ಧ ನಿಜ, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ. ಉಳಿದರ್ಧ ಏನಂದ್ರೆ ನನಗೆ 4ಕೆಯಲ್ಲಿ ಆಟ ಆಡಬೇಕು. ಗೆಳೆಯನ ಮನೆಯ 4ಕೆ ಟಿವಿಯಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ನೋಡಿದಾಗಿಂದ ಈ ಹುಚ್ಚು ಹಿಡಿದಿದೆ, ಕುದುರೆ ಮೈಮೇಲಿನ ಕೂದಲು ಎಣಿಸಬಹುದಿತ್ತು.

ಹೋದ ವಾರ ಬೆಂಗಳೂರಿಗೆ ಹೋದಾಗ ಎಸ್‌.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೊಟೇಶನ್ ಬರೆಸಿದೆ. ಐ7-14700ಎಫ್ ಪ್ರೊಸೆಸರ್, ಬಿ760 ಬೋರ್ಡ್, 32 ಜಿಬಿ ಡಿಡಿಆರ್5 ರ‍್ಯಾಮ್, ಲೈಟ್ ಇರೋ ಲಿಕ್ವಿಡ್ ಕೂಲರ್, ಆರ್‌ಟಿಎಕ್ಸ್ 5060 8 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎಸ್‌ಎಸ್‌ಡಿ, ಗಾಜಿನ ಕೇಸ್. ಪವರ್ ಸಪ್ಲೈ ಮುಂದೆ ಬರೀ "600 ವ್ಯಾಟ್" ಅಂತ ಬರೆದಿದ್ದಾರೆ, ಕಂಪನಿ ಹೆಸರಿಲ್ಲ. ಇಷ್ಟಕ್ಕೇ 1.18 ಲಕ್ಷ ಆಯ್ತು. ಮಾನಿಟರ್ ಕೇಳಿದರೆ ಆಮೇಲೆ ತಗೊಳ್ಳಿ ಸರ್ ಅಂದ್ರು.

ಈಗಿರೋದು 2019ರಲ್ಲಿ ಕಾಲೇಜಿಗೆ ಅಂತ ಕೊಂಡ ಪಿಸಿ. ರೈಜನ್ 5 2600 ಪ್ರೊಸೆಸರ್, ಬಿ450 ಬೋರ್ಡ್, 8+8 ಜಿಬಿ ಡಿಡಿಆರ್4, ಜಿಟಿಎಕ್ಸ್ 1650 ಕಾರ್ಡ್, 450 ವ್ಯಾಟ್ ಪವರ್ ಸಪ್ಲೈ. ಇದನ್ನು ಮಾರಿದರೆ ಎಷ್ಟು ಬರಬಹುದು ಅಂತಲೂ ಹೇಳಿ.

ತಿರುಪುಳಿ:

ಮಾರೋದು ಆಮೇಲೆ. ಮೊದಲು ಆ ಕೊಟೇಶನ್ ಹರಿದು ಹಾಕಿ.

ಮದುವೆ ಊಟದಲ್ಲಿ ಪಾಯಸಕ್ಕೆ ದುಡ್ಡು ಸುರಿದು ಅನ್ನಕ್ಕೆ ಅಕ್ಕಿ ತರೋದು ಮರೆತ ಹಾಗಿದೆ ಇದು. 1080ಪಿಯಲ್ಲಿ ಪರದೆ ಮೇಲೆ ಸುಮಾರು 21 ಲಕ್ಷ ಚುಕ್ಕಿ. 1440ಪಿಯಲ್ಲಿ 37 ಲಕ್ಷ. 4ಕೆ ಅಂದ್ರೆ 83 ಲಕ್ಷ. ಈ ಒಂದೊಂದು ಚುಕ್ಕಿಗೂ ಬಣ್ಣ ಹಚ್ಚೋದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಕೆಲಸ ಬೇರೆ. ಶತ್ರು ಯಾವ ಕಡೆ ಓಡಬೇಕು, ಗುಂಡು ಎಲ್ಲಿ ತಾಗಿತು, ಮುಂದಿನ ಚಿತ್ರದಲ್ಲಿ ಏನೇನಿರಬೇಕು ಅಂತ ಲೆಕ್ಕ ಹಾಕಿ ಕಾರ್ಡಿಗೆ ಕೊಡೋದು. ಪರದೆ 1080ಪಿ ಇರಲಿ, 4ಕೆ ಇರಲಿ, ಆ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ. ರೆಸಲ್ಯೂಶನ್ ಏರಿದಷ್ಟೂ ಪ್ರೊಸೆಸರ್ ಆಕಳಿಸುತ್ತೆ, ಕಾರ್ಡ್ ಬೆವರುತ್ತೆ. ನಿಮ್ಮ ಅಂಗಡಿಯವರು ಆಕಳಿಸೋನಿಗೆ ಲಿಕ್ವಿಡ್ ಕೂಲರ್ ಹಾಕಿ, ಬೆವರೋನಿಗೆ 8 ಜಿಬಿ ಮೆಮೊರಿ ಕೊಟ್ಟಿದ್ದಾರೆ.

ಒಂದು ಪರೀಕ್ಷೆ ಮಾಡಿ, ಕಾಸು ಖರ್ಚಿಲ್ಲ. ನಿಮ್ಮ ಹಳೇ ಪಿಸಿಯಲ್ಲಿ ಯಾವುದಾದರೂ ಭಾರಿ ಆಟ ತೆಗೆದು, ಜನ ಜಾಸ್ತಿ ಇರೋ ಜಾಗದಲ್ಲಿ ನಿಂತು, ರೆಸಲ್ಯೂಶನ್ 720ಪಿಗೆ ಇಳಿಸಿ, ಗ್ರಾಫಿಕ್ಸ್ ಎಲ್ಲ ಕಡಿಮೆ ಮಾಡಿ. ಕಾರ್ಡಿನ ಬಳಕೆ ಎಷ್ಟು ಪರ್ಸೆಂಟ್ ಅಂತ ನೋಡಿ. ಅದು 90ಕ್ಕಿಂತ ಕೆಳಗೆ ಬಂದರೆ ಕಾರ್ಡ್ ಸುಮ್ನೆ ಕಾಯ್ತಾ ಇದೆ ಅಂತ ಅರ್ಥ. ಆಗ ಬರೋ ಎಫ್‌ಪಿಎಸ್ಸೇ (ಸೆಕೆಂಡಿಗೆ ಬರೋ ಚಿತ್ರಗಳ ಲೆಕ್ಕ) ನಿಮ್ಮ ಪ್ರೊಸೆಸರ್ ಮಿತಿ. ಬಂದು ಹೇಳಿ.

ಮಲ್ನಾಡ್‌_ಮಳೆ:

ಕಾರ್ಡ್ ವಿಷಯ ಒಪ್ಪಿದೆ. ಆದರೆ ಪ್ರೊಸೆಸರ್ ಯಾವುದಾದರೂ ನಡೆಯುತ್ತೆ ಅಂತ ಹುಡುಗನಿಗೆ ಹೇಳಬೇಡಿ. ರೈಜನ್ 5 7600, ಬಿ650 ಬೋರ್ಡ್ ತಗೊಳ್ಳಿ. 65 ವ್ಯಾಟಿನ ಚಿಪ್, ಡಬ್ಬಿ ಜೊತೆ ಬರೋ ಫ್ಯಾನೇ ಸಾಕು. 2027ರವರೆಗಾದರೂ ಎಎಂ5ಗೆ (ಬಿ650 ಬೋರ್ಡಿನಲ್ಲಿ ಪ್ರೊಸೆಸರ್ ಕೂರೋ ಸಾಕೆಟ್) ಹೊಸ ಪ್ರೊಸೆಸರ್ ಕೊಡ್ತೀವಿ ಅಂತ ರೈಜನ್ ಮಾಡೋ ಎಎಂಡಿಯವರೇ ಹೇಳಿದ್ದಾರೆ, ಮುಂದೆ ಬೋರ್ಡ್ ಬದಲಿಸದೆ ಚಿಪ್ ಮಾತ್ರ ಏರಿಸಬಹುದು. ಕಾರ್ಡಿಗೆ ಆರ್‌ಎಕ್ಸ್ 9060 ಎಕ್ಸ್‌ಟಿ. ಆದರೆ 16 ಜಿಬಿಯದ್ದು! ಇದೇ ಹೆಸರಲ್ಲಿ 8 ಜಿಬಿಯದ್ದೂ ಇದೆ, ಡಬ್ಬಿ ಮೇಲೆ ಓದಿಯೇ ದುಡ್ಡು ಕೊಡಿ.

ಹಳೇಬೋರ್ಡ್:

ಮಳೆಯವರೇ, ನೀವು ಹೇಳಿದ್ದು 2025ರ ಬೇಸಿಗೆಗೆ ಸರಿ. ಈಗ ಡಿಡಿಆರ್5 ದರ ವಿಚಾರಿಸಿದ್ದೀರಾ? ಎಐ ಡೇಟಾ ಸೆಂಟರುಗಳು ಮೆಮೊರಿ ಬಾಚ್ಕೊಂಡು ಹೋಗ್ತಿರೋದಕ್ಕೆ ರ‍್ಯಾಮ್ ಬೆಲೆ ಚಿನ್ನದ ಹಿಂದೆ ಓಡ್ತಿದೆ. 2025ರ ಡಿಸೆಂಬರಿನಲ್ಲಿ ಮೆಮೊರಿ ಚಿಪ್ ಮಾಡೋ ಮೈಕ್ರಾನ್‌ನವರು ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರನ್ನೇ ಮುಚ್ಚುತ್ತೇವೆ ಅಂದುಬಿಟ್ಟರು. ಇಂಥ ಹೊತ್ತಲ್ಲಿ ಪ್ರಶ್ನೆ ಕೇಳಿದವರ ಮನೇಲಿ ಈಗಾಗಲೇ 16 ಜಿಬಿ ಡಿಡಿಆರ್4 ಕೂತಿದೆ. ಅದನ್ನು ಮಾರಿ ಹೊಸದಕ್ಕೆ ಮೂರು ಪಟ್ಟು ಕೊಡೋದು ಯಾವ ಜಾಣತನ?

ದೋಸೆ ಅವರೇ, ನಿಮ್ಮ ಪಿಸಿ ಮಾರಬೇಡಿ. ಬಿ450 ಬೋರ್ಡಿಗೆ ಬಯಾಸ್ (ಬೋರ್ಡ್ ಒಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ರೈಜನ್ 5 5600 ಅಥವಾ 7 5700ಎಕ್ಸ್ ಕೂರುತ್ತೆ. 2018ರ ಚಿಪ್ ಜಾಗಕ್ಕೆ 2022ರ ಚಿಪ್, ಬೋರ್ಡ್ ಅದೇ, ರ‍್ಯಾಮ್ ಅದೇ. ಹೊಸ ಬೋರ್ಡಿಗೂ ರ‍್ಯಾಮಿಗೂ ಹೋಗೋ ದುಡ್ಡನ್ನು ಕಾರ್ಡಿನ ಮೇಲೆ ಹಾಕಿದರೆ 9060 ಎಕ್ಸ್‌ಟಿ ಅಲ್ಲ, ಆರ್‌ಎಕ್ಸ್ 9070ಯೇ ಬರುತ್ತೆ. ಅದೂ 16 ಜಿಬಿ, ಆದರೆ ಮೆಮೊರಿ ದಾರಿ 256 ಬಿಟ್, ಅಂದ್ರೆ 9060 ಎಕ್ಸ್‌ಟಿಗಿಂತ ಎರಡರಷ್ಟು ಅಗಲ. ಚುಕ್ಕಿ ಜಾಸ್ತಿ ಆದಾಗ ಇದು ಕೆಲಸಕ್ಕೆ ಬರುತ್ತೆ.

ಇನ್ನೊಂದು ವಿಷಯ, ಯಾರೂ ಹೇಳಲ್ಲ. ಬಿ450ಯಲ್ಲಿ ಕಾರ್ಡ್ ಕೂರೋ ಸ್ಲಾಟ್ ಹಳೇ ಪಿಸಿಐಇ 3.0. ಆರ್‌ಟಿಎಕ್ಸ್ 5060 ಮತ್ತು 5060 ಟಿಐ ಅಲ್ಲಿ ಡೇಟಾ ಓಡಾಡೋ 16 ಸಾಲಿನಲ್ಲಿ 8 ಮಾತ್ರ ಬಳಸುತ್ತವೆ. ಹೊಸ ಬೋರ್ಡಿನಲ್ಲಿ ಪರವಾಗಿಲ್ಲ, ಹಳೇದರಲ್ಲಿ ದಾರಿ ಕಿರಿದಾಗುತ್ತೆ. 8 ಜಿಬಿ ತುಂಬಿ ಕಾರ್ಡ್ ಆ ಕಿರುದಾರಿಯಲ್ಲಿ ರ‍್ಯಾಮ್ ಕಡೆ ಓಡಾಡೋಕೆ ಶುರು ಮಾಡಿದರೆ ಆಟ ಎತ್ತಿನಗಾಡಿ ಥರ ಜಗ್ಗಿ ಜಗ್ಗಿ ಹೋಗುತ್ತೆ. 9070 ಪೂರ್ತಿ 16 ಸಾಲು ಬಳಸುತ್ತೆ, ಹಾಗಾಗಿ 3.0 ಸ್ಲಾಟಿನಲ್ಲೂ ನಷ್ಟ ಸ್ವಲ್ಪವೇ.

ಬಯಾಸ್ ಅಪ್‌ಡೇಟ್ ಹಳೇ ಪ್ರೊಸೆಸರ್ ಇರುವಾಗಲೇ ಮಾಡಿ. ಯುಪಿಎಸ್ ಇಲ್ಲದೆ ಮಾಡಬೇಡಿ. ನಾನು ಮಾಡಿದ್ದೆ, 60 ಪರ್ಸೆಂಟಿಗೆ ಕರೆಂಟ್ ಹೋಯ್ತು. ಆ ಬೋರ್ಡ್ ಈಗ ಗೋಡೆ ಮೇಲಿದೆ, ಗಡಿಯಾರ ಮಾಡಿಸಿದೀನಿ.

ಮಲ್ನಾಡ್‌_ಮಳೆ:

ರ‍್ಯಾಮ್ ಮನೇಲಿದೆ ಅನ್ನೋದನ್ನ ನಾನು ಸರಿಯಾಗಿ ಓದಿರಲಿಲ್ಲ. ಹಾಗಿದ್ರೆ ಸೋತೆ. ಏನೂ ಇಲ್ಲದೆ ಹೊಸದಾಗಿ ಕೊಳ್ಳೋರಿಗೆ ನಾನು ಈಗಲೂ ಎಎಂ5ಯೇ ಹೇಳೋದು.

ಚುಕ್ಕಿಚಂದ್ರ:

ಯಾರೂ ಮಾನಿಟರ್ ಬಗ್ಗೆ ಮಾತಾಡ್ತಿಲ್ಲ. ದಿನವೆಲ್ಲ ಕಣ್ಣ ಮುಂದೆ ಇರೋದು ಅದೇ ಅಲ್ವಾ.

ಟಿವಿ ನೋಡಿ ಆಸೆ ಹುಟ್ಟಿದೆ ಅಂದ್ರಿ. ಟಿವಿ 55 ಇಂಚು ಇರಬೇಕು, ಅಷ್ಟು ದೊಡ್ಡದರಲ್ಲಿ 1080ಪಿ ಹರಿದ ಹಾಗೆ ಕಾಣುತ್ತೆ, ಅದಕ್ಕೇ 4ಕೆ ಅಷ್ಟು ಚೆನ್ನಾಗಿ ಕಂಡಿದ್ದು. ಮೇಜಿನ ಮೇಲೆ 27 ಇಂಚಿನಲ್ಲಿ 1440ಪಿ ಹಾಕಿದರೆ ಒಂದು ಇಂಚಿಗೆ 109 ಚುಕ್ಕಿ ಬರುತ್ತೆ. ಈಗ ನೀವು ನೋಡ್ತಿರೋದು 24 ಇಂಚಿನ 1080ಪಿ ಆಗಿದ್ದರೆ ಅದು 92. 27 ಇಂಚಿನ 4ಕೆ ಅಂದ್ರೆ 163. ಅಕ್ಷರ ಓದೋಕೆ 163 ತುಂಬಾ ಚೆಂದ, ಸುಳ್ಳು ಹೇಳಲ್ಲ, ನಾನು ದಿನಾ ಕನ್ನಡ ಟೈಪ್ ಮಾಡೋನು, ಒತ್ತಕ್ಷರ ಎಲ್ಲ ಕೆತ್ತಿದ ಹಾಗೆ ಕಾಣುತ್ತೆ. ಆದರೆ ಆಟಕ್ಕೆ 1440ಪಿಯ 2.25 ಪಟ್ಟು ಚುಕ್ಕಿ ಎಳೀಬೇಕು, ಮುಂದಿನ ಐದು ವರ್ಷ, ಪ್ರತಿ ಹೊಸ ಆಟಕ್ಕೂ.

ಮಧ್ಯದ ದಾರಿ ಒಂದಿದೆ, ಅಪ್‌ಸ್ಕೇಲಿಂಗ್. 4ಕೆಯಲ್ಲಿ ಕ್ವಾಲಿಟಿ ಮೋಡ್ ಹಾಕಿದರೆ ಕಾರ್ಡ್ ಒಳಗೆ ಬರೆಯೋದು 1440ಪಿ ಚಿತ್ರವೇ, ಅದನ್ನು ಹಿಗ್ಗಿಸಿ ತೋರಿಸುತ್ತೆ. ಎಎಂಡಿಯ 9000 ಸರಣಿಯ ಕಾರ್ಡುಗಳಲ್ಲಿ ಇದಕ್ಕೆಂದೇ ಬರೋ ಎಫ್‌ಎಸ್‌ಆರ್ 4 ಹಳೇ ಎಫ್‌ಎಸ್‌ಆರ್ ಥರ ಎಲೆ, ಕೂದಲನ್ನೆಲ್ಲ ಕಲಸಲ್ಲ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಕೂಡ ಇದೇ ಕೆಲಸ ಮಾಡುತ್ತೆ, ಇನ್ನೂ ಜಾಸ್ತಿ ಆಟಗಳಲ್ಲಿದೆ, ಅದು ಬೇಕಿದ್ರೆ ಕಾರ್ಡ್ ಆಯ್ಕೆಯೇ ಬದಲಾಗುತ್ತೆ. 4ಕೆ ಮಾನಿಟರೇ ತಗೊಂಡ್ರೆ ಹಳೇ ಕೇಬಲ್ ಬಿಸಾಕಿ, ಎಚ್‌ಡಿಎಂಐ 2.0 ಕೇಬಲ್ಲಿನಲ್ಲಿ 4ಕೆ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗೋದು) ಮೇಲೆ ಚೆನ್ನಾಗಿ ಹೋಗಲ್ಲ.

ನನ್ನ ಮಾತು ಕೇಳಿದರೆ 27 ಇಂಚು, 1440ಪಿ, ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡಲ್ಲ). ಉಳಿದ ದುಡ್ಡು ಕುರ್ಚಿಗೆ.

ಉಪ್ಪುಗಾಳಿ:

ಕುಂದಾಪುರದಿಂದ. ಕೊಟೇಶನ್ನಿನಲ್ಲಿ ನನಗೆ ಹೆದರಿಕೆ ಆದದ್ದು ಆ ಹೆಸರಿಲ್ಲದ "600 ವ್ಯಾಟ್" ಮಾರಾಯ್ರೆ. ಕಾರ್ಡ್, ಬೋರ್ಡ್, ಡಿಸ್ಕ್ ಎಲ್ಲದಕ್ಕೂ ಕರೆಂಟ್ ಹೋಗುವುದು ಅದರ ಮೂಲಕವೇ, ಅದು ಸಾಯುವಾಗ ಜೊತೆಗೆ ಯಾರನ್ನು ಕರ್ಕೊಂಡು ಹೋಗ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. 80 ಪ್ಲಸ್ ಸ್ಟಿಕ್ಕರ್ ನೋಡಿ ಸಮಾಧಾನ ಪಡಬೇಡಿ. ಅದು ಕರೆಂಟ್ ಎಷ್ಟು ಪೋಲಾಗ್ತದೆ ಎನ್ನುವುದರ ಲೆಕ್ಕ, ಒಳಗಿನ ಮಾಲು ಎಂಥದ್ದು ಎನ್ನುವುದರದ್ದಲ್ಲ. 9070ಗೆ 220 ವ್ಯಾಟ್ ಬೇಕು, ಎಎಂಡಿ ಹೇಳುವುದು 650ರ ಸಪ್ಲೈ. ಒಳ್ಳೆ ಕಂಪನಿಯ 650 ಅಥವಾ 750 ತಕೊಳ್ಳಿ, ಹಳೇ 450 ಬೇಡ.

ಮತ್ತೆ ಕೇಸ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದಾ ನೋಡಿ. ನನ್ನದು ಹಾಗೇ ಆಗ್ತಿತ್ತು, ಪಿಸಿ ಹಾಳಾಗಿದೆ ಅಂತ ಎರಡು ಸಲ ಬಿಚ್ಚಿಸಿದೆ. ಕೊನೆಗೆ ನೋಡಿದರೆ ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ತಂತಿಯೇ ಸೇರಿಸಿರಲಿಲ್ಲ. ಮೂರನೇ ತೂತು ಚಂದಕ್ಕೆ ಇತ್ತು. ಎಲೆಕ್ಟ್ರಿಷಿಯನ್ ಬಂದು ಹತ್ತು ನಿಮಿಷದಲ್ಲಿ ಸರಿ ಮಾಡಿದ.

ಯುಪಿಎಸ್ ಹಳೇ 600 ವಿಎ ಇದ್ದರೆ ಅದು ಹೊರುವ ಭಾರ ಸುಮಾರು 360 ವ್ಯಾಟ್ ಮಾತ್ರ. ಆಟದ ಮಧ್ಯೆ ಕರೆಂಟ್ ಹೋದರೆ ಅದೂ ಜೊತೆಗೇ ಹೋಗ್ತದೆ.

ಬೆಣ್ಣೆದೋಸೆ_17:

ಎಲ್ಲರಿಗೂ ದೊಡ್ಡ ನಮಸ್ಕಾರ. ತಿರುಪುಳಿ ಅವರು ಹೇಳಿದ ಪರೀಕ್ಷೆ ಮಾಡಿದೆ. ಸೈಬರ್‌ಪಂಕ್ 2077ರಲ್ಲಿ ಸಂತೆ ಥರ ಜನ ಇರೋ ಜಾಗ. 1080ಪಿಯಲ್ಲಿ 41 ಎಫ್‌ಪಿಎಸ್, ಕಾರ್ಡ್ 99 ಪರ್ಸೆಂಟ್. 720ಪಿಗೆ ಇಳಿಸಿ ಎಲ್ಲ ಕಡಿಮೆ ಮಾಡಿದರೆ 63, ಕಾರ್ಡ್ 74 ಪರ್ಸೆಂಟ್. ಅಂದ್ರೆ 2600ರ ಮಿತಿ ಸುಮಾರು 60 ಅಂತ ಆಯ್ತಾ?

ತಿರುಪುಳಿ:

ಆಯ್ತು. ಕಾರ್ಡ್ ಎಷ್ಟೇ ದೊಡ್ಡದು ಹಾಕಿದರೂ ಆ ಸಂತೆಯಲ್ಲಿ 60 ದಾಟಲ್ಲ. ಆದ್ದರಿಂದ 5600 ಅಥವಾ 5700ಎಕ್ಸ್ ಹಾಕಲೇಬೇಕು, ಅದಕ್ಕಿಂತ ಮೇಲೆ ಹೋಗಬೇಕಾಗಿಲ್ಲ. ಹಳೇ ಪ್ರೊಸೆಸರ್ ತೆಗೆಯುವ ಮುಂಚೆ ಹತ್ತು ನಿಮಿಷ ಆಟ ಆಡಿ ಬಿಸಿ ಮಾಡಿ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ನೇರ ಎಳೀದೆ ಎಡಕ್ಕೆ ಬಲಕ್ಕೆ ತಿರುಚಿ ಬಿಡಿಸಿ. ಪ್ರೊಸೆಸರಿಗೂ ಕೂಲರಿಗೂ ಮಧ್ಯೆ ಇರೋ ಆರು ವರ್ಷದ ಪೇಸ್ಟ್ ಒಣಗಿ ಅಂಟಾಗಿರುತ್ತೆ, ನಿಮ್ಮ ಬೋರ್ಡಿನಂಥ ಎಎಂ4ನಲ್ಲಿ ಪ್ರೊಸೆಸರ್ ಕೂಲರಿಗೇ ಅಂಟಿಕೊಂಡು ಸಾಕೆಟ್ಟಿಂದ ಕಿತ್ತು ಬರುತ್ತೆ. ಪಿನ್ ಬಾಗಿದರೆ ಸೂಜಿ ಹಿಡಿದು ಕೂರಬೇಕಾಗುತ್ತೆ.

ಕೇಸ್ ಒಳಗೆ ಟೇಪ್ ಹಿಡಿದು ಉದ್ದ ಅಳೆಯಿರಿ. ಮೂರು ಫ್ಯಾನಿನ ಕಾರ್ಡುಗಳು ಎಷ್ಟೋ 30 ಸೆಂ.ಮೀ. ದಾಟುತ್ತವೆ.

ಬೆಣ್ಣೆದೋಸೆ_17:

ಮೂರು ವಾರ ಆದ ಮೇಲೆ ವರದಿ. 5700ಎಕ್ಸ್, ಅದಕ್ಕೊಂದು ಸಾದಾ ಕೂಲರ್ (ಡಬ್ಬಿಯಲ್ಲಿ ಬರಲ್ಲ, ಕೊನೇ ಗಳಿಗೆಯಲ್ಲಿ ಗೊತ್ತಾಯ್ತು), ಆರ್‌ಎಕ್ಸ್ 9070, 750 ವ್ಯಾಟ್ ಸಪ್ಲೈ, 1 ಟಿಬಿ ಎಸ್‌ಎಸ್‌ಡಿ, 27 ಇಂಚಿನ 1440ಪಿ 180 ಹರ್ಟ್ಸ್ ಮಾನಿಟರ್. ಒಟ್ಟು 1,09,400. ಉಳಿದದ್ದರಲ್ಲಿ ಅಮ್ಮನಿಗೆ ಮಿಕ್ಸಿ, ಅದೂ ಆಫೀಸ್ ಕೆಲಸಕ್ಕೇ ಅಂತ ಹೇಳಿದೆ.

ಬಯಾಸ್ ಅಪ್‌ಡೇಟ್ ಪಕ್ಕದ ಮನೆಯವರ ಇನ್ವರ್ಟರಿಂದ ವೈರ್ ಎಳೆದು ಮಾಡಿದೆ. ಕಾರ್ಡ್ ಹಿಡಿಸಲಿಲ್ಲ, ಹಾರ್ಡ್ ಡಿಸ್ಕ್ ಇಡೋ ಗೂಡು ಬಿಚ್ಚಿ ತೆಗೆದ ಮೇಲೆ ಎರಡು ಬೆರಳು ಜಾಗ ಉಳೀತು. ಮೊದಲ ಸಲ ಆನ್ ಮಾಡಿದಾಗ ಕಪ್ಪು ಪರದೆ ಮೇಲೆ ಹೊಸ ಸಿಪಿಯು ಬಂದಿದೆ, ಎಫ್‌ಟಿಪಿಎಂ (ಪ್ರೊಸೆಸರಿನೊಳಗೆ ಭದ್ರತಾ ಕೀಲಿ ಇಡೋ ಜಾಗ) ಹಾಳಾಗಿದೆ, ವೈ ಒತ್ತು ಇಲ್ಲ ಎನ್ ಒತ್ತು ಅಂತ ಬಂತು. ಬೆವರಿಳೀತು. ಹಳೇಬೋರ್ಡ್ ಅವರಿಗೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿದೆ, ವೈ ಒತ್ತಿ ಮಲ್ಕೊಳ್ಳಿ ಅಂದ್ರು.

ಇನ್ನೊಂದು ಪೆದ್ದುತನ. ನಾಲ್ಕು ದಿನ ಆಡಿದ ಮೇಲೆ ವಿಂಡೋಸ್ ಸೆಟ್ಟಿಂಗ್ಸ್ ನೋಡಿದರೆ ಮಾನಿಟರ್ 60 ಹರ್ಟ್ಸ್‌ನಲ್ಲೇ ಓಡ್ತಿತ್ತು. 180ಕ್ಕೆ ಬದಲಿಸಿದ ಮೇಲೆ ಮೌಸ್ ಬಾಣ ಅಲ್ಲಾಡಿಸುತ್ತಲೇ ಹತ್ತು ನಿಮಿಷ ಕೂತಿದ್ದೆ. ಕುದುರೆ ಕೂದಲು ಕಾಣುತ್ತೆ, ಎಣಿಸಿಲ್ಲ.

ಜಿಟಿಎಕ್ಸ್ 1650 ಯಾರಿಗಾದರೂ ಬೇಕಾ? ಬಿಲ್ ಇದೆ, ಒಂದು ಫ್ಯಾನ್ ಬೆಳಗ್ಗೆ ಹೊತ್ತು ಸ್ವಲ್ಪ ಗೊರ್ ಅನ್ನುತ್ತೆ, ಬಿಸಿಯಾದ ಮೇಲೆ ಸುಮ್ನಾಗುತ್ತೆ. ದಾವಣಗೆರೆಗೆ ಬಂದು ತಗೊಂಡು ಹೋಗೋರಿಗೆ ದೋಸೆ ನನ್ನ ಲೆಕ್ಕ.