ಪಿಕಪ್ ಮೇಲೆ ಮಲಗುವ ಡಬ್ಬಿ ಕೂರಿಸಿದವರು ಅನುಭವ ಹೇಳಿ

ಗೋಳಗುಮ್ಮಟದ ಪಕ್ಕದವ: ನನ್ನದು ಬೊಲೆರೊ ಕ್ಯಾಂಪರ್, ಡಬಲ್ ಕ್ಯಾಬಿನ್. ಹಿಂದೆ ಮಲಗೋಕೆ, ಅಡುಗೆಗೆ ಒಂದು ಡಬ್ಬಿ ಕೂರಿಸಬೇಕು. ನಾವಿಬ್ಬರು, ಎರಡು ಮಕ್ಕಳು. ಖಾಲಿ ಡಬ್ಬಿಯೇ 550 ಕೆಜಿ ಆಗುತ್ತೆ ಅಂತ ವೆಲ್ಡರ್ ಹೇಳ್ತಿದ್ದಾರೆ. ಗಾಡಿ ಒಂದು ಟನ್ ಹೊರುತ್ತೆ. ಸಾಕಲ್ವಾ?

ಬಾಗಲಕೋಟೆ ನವನಗರ: ವೆಲ್ಡರ್ ಬಾಯಲ್ಲಿ ಬರೋ ತೂಕ ತೂಕವೇ ಅಲ್ಲ ರೀ. ನನಗೆ 450 ಅಂದಿದ್ರು. ಸಕ್ಕರೆ ಕಾರ್ಖಾನೆ ಹತ್ತಿರ ಗಾಡಿ ತೂಗುವ ಕಾಟಾದಲ್ಲಿ ನಿಲ್ಲಿಸಿದರೆ ಡಬ್ಬಿಯೇ 710! 19 ಎಂಎಂ ಪ್ಲೈ ಹೊಡೆದಿದ್ದರು. ಎಂಟಡಿ ನಾಲ್ಕಡಿಯ ಒಂದು ಶೀಟೇ 35 ಕೆಜಿ ದಾಟುತ್ತೆ, ಅಂಥವು ಒಂಬತ್ತು. ಇದರ ಮೇಲೆ 100 ಲೀಟರ್ ನೀರು ಅಂದ್ರೆ 100 ಕೆಜಿ. ಇನ್ವರ್ಟರ್ ಬ್ಯಾಟರಿ 55, ತುಂಬಿದ ಸಿಲಿಂಡರ್ 30. ಡಬ್ಬಿಗೆ ಕೊಟ್ಟಿದ್ದು 2,80,000. ಬಿಚ್ಚಿಸಿ 9 ಎಂಎಂ ಪ್ಲೈ, ಹೊರಗೆ ಅಲ್ಯೂಮಿನಿಯಂ ಶೀಟ್ ಹಾಕಿಸೋಕೆ ಮತ್ತೆ 94,000. ಹಳೇ ಪ್ಲೈ ಈಗ ದನದ ಕೊಟ್ಟಿಗೆಗೆ ಅಡ್ಡ ನಿಂತಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ಚೋರ್ಲಾ ಸವಾರ, ಬೆಳಗಾವಿ: ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ? ಹಿಂದಿನ ಸ್ಪ್ರಿಂಗ್‌ಗೆ ಎರಡು ಪಾಟಾ, ಅಂದ್ರೆ ಉಕ್ಕಿನ ಪಟ್ಟಿ, ಜಾಸ್ತಿ ಹಾಕಿಸಿ. ನಾನು ಉದ್ಯಮಬಾಗದಲ್ಲಿ 14,500 ಕೊಟ್ಟು ಹಾಕಿಸಿದೆ. ಹಿಂಭಾಗ ಒಂದು ಇಂಚೂ ಇಳಿದಿಲ್ಲ. ಮೂರು ಸಲ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ಬಂದಿದ್ದೇನೆ.

ಕೊಲ್ಹಾರ ದಾರಿ: ಇಂಥ ಮಾತು ಕೇಳಿಯೇ ನಾನು ಕೆಟ್ಟೆ. ಪಾಟಾ ಹಾಕಿದರೆ ಹಿಂಭಾಗ ಎದ್ದು ನಿಲ್ಲುತ್ತೆ, ಅಷ್ಟೇ. ಆಕ್ಸಲ್ ಅದೇ, ಬ್ರೇಕ್ ಅದೇ, ಟೈರ್ ಅದೇ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಒಂದು ಕೆಜಿಯೂ ಏರಲ್ಲ. ನನ್ನ ಡಬ್ಬಿ ಹಿಂದಿನ ಚಕ್ರ ದಾಟಿ ಆಚೆ ಚಾಚಿತ್ತು, ನೀರಿನ ಟ್ಯಾಂಕ್ ತುತ್ತತುದಿಗೆ. ಕೃಷ್ಣಾ ಸೇತುವೆ ಮೇಲೆ ಅಡ್ಡಗಾಳಿ ಬೀಸಿದಾಗ ಸ್ಟೀರಿಂಗ್ ಕೈಯಲ್ಲಿ ಹತ್ತಿ ಹಿಡಿದಂತೆ ಹಗುರ. ಮುಂದಿನ ಚಕ್ರಕ್ಕೆ ಭಾರವೇ ಇರಲಿಲ್ಲ. ಹಿಂದೆ ಕೂತ ಅವ್ವ ಬಸವಣ್ಣನ ಹೆಸರು ಬಿಡಲೇ ಇಲ್ಲ. 30ರಲ್ಲಿ ತೆವಳಿಕೊಂಡು ದಾಟಿದೆ. ಟ್ಯಾಂಕನ್ನು ಕ್ಯಾಬಿನ್ ಬೆನ್ನಿಗೆ, ನೆಲಮಟ್ಟಕ್ಕೆ ಸರಿಸೋಕೆ 8,200 ಹೋಯ್ತು.

ಚೋರ್ಲಾ ಸವಾರ, ಬೆಳಗಾವಿ: ಗಾಡಿ ಓಡಿಸೋಕೆ ಬರದಿದ್ದರೆ ಪಾಟಾಕ್ಕೆ ಯಾಕೆ ಬೈತೀರಿ?

ಕೊಲ್ಹಾರ ದಾರಿ: 22 ವರ್ಷದಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸ್ತಿದ್ದೇನೆ, ಅದೂ ಎರಡು ಟ್ರಾಲಿ ಕಟ್ಟಿಕೊಂಡು. ನೀವು ಕಲಿಸಬೇಡಿ.

ನವನಗರ: ಎರಡು ಟ್ರಾಲಿ ಕಟ್ಟಿ ರಸ್ತೆ ತುಂಬ ಹೋಗೋದು ನೀವೇನಾ? ಸುಗ್ಗಿಯಲ್ಲಿ ನಿಮ್ಮ ಹಿಂದೆ ಸಿಕ್ಕಿಕೊಂಡು ಅರ್ಧ ದಿನ ಕಳೆದಿದ್ದೇನೆ.

ಇಳಕಲ್ ಅಕ್ಕ: ಜಗಳ ಆಮೇಲೆ ಆಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಯಾರೂ ಎತ್ತಲೇ ಇಲ್ಲ. ಆರ್‌ಸಿಯಲ್ಲಿ ಇರೋದಕ್ಕೂ ಗಾಡಿಗೂ ತಾಳೆ ಇರಬೇಕು. ನಮ್ಮವರು ಡಬ್ಬಿಯನ್ನು ಚಾಸಿಗೆ ವೆಲ್ಡ್ ಮಾಡಿಸಿ ಕೂತರು. ಗಾಡಿಗೆ ಪೆಟ್ಟಾದಾಗ ವಿಮೆಯವರು ಮೊದಲು ಕೇಳಿದ್ದೇ ಅದನ್ನ. 61,000 ನಮ್ಮ ತಲೆಗೇ ಬಂತು. ಆಮೇಲೆ ನಮ್ಮವರು ದೊಡ್ಡ ಗಾಡಿ ಅಂತ ಇಸುಜು ವಿ-ಕ್ರಾಸ್ ಪಿಕಪ್ ನೋಡೋಕೆ ಹೊರಟರು. ನೋಡೋಕೆ ಆನೆ, ಹೊರೋದು ತೀರಾ ಕಡಿಮೆ. ಅದೇ ಇಸುಜು ಕಂಪನಿಯ ಎಸ್-ಕ್ಯಾಬ್ ಪಿಕಪ್ ಅದಕ್ಕಿಂತ ಎಷ್ಟೋ ಜಾಸ್ತಿ ಹೊರುತ್ತೆ.

ಚೋರ್ಲಾ ಸವಾರ, ಬೆಳಗಾವಿ: ಅಕ್ಕಾ, ಎಸ್-ಕ್ಯಾಬ್‌ನಲ್ಲಿ ಹೆಂಡತಿ ಮಕ್ಕಳನ್ನು ಗೋವಾಕ್ಕೆ ಯಾರು ಕರೆದುಕೊಂಡು ಹೋಗ್ತಾರೆ?

ಇಳಕಲ್ ಅಕ್ಕ: ನಾನು ಹೋಗಿದ್ದೇನೆ. ಬದಾಮಿ ಬನಶಂಕರಿ ಜಾತ್ರೆಗೂ ಹೋಗಿದ್ದೇನೆ. ಮೂರು ರಾತ್ರಿ, ಲಾಡ್ಜ್ ಖರ್ಚಿಲ್ಲ.

ಗೋಳಗುಮ್ಮಟದ ಪಕ್ಕದವ: ನಾನು ಕೇಳಿದ್ದು ಅಲ್ಲೇ ಉಳೀತು. ಇವತ್ತು ನಾಲ್ವರೂ ಕೂತು, ಡೀಸೆಲ್ ತುಂಬಿಸಿ, ಡಬ್ಬಿ ಇಲ್ಲದೆ ಕಾಟಾ ಹಾಕಿಸಿದೆ. ಆರ್‌ಸಿ ತೂಕ ಮುಟ್ಟೋಕೆ 740 ಕೆಜಿ ಉಳಿದಿದೆ. 550ರ ಡಬ್ಬಿಗೆ ನೀರು, ಬ್ಯಾಟರಿ, ಸಿಲಿಂಡರ್ ಸೇರಿಸಿದರೆ 735. ಇನ್ನೂ ಹಾಸಿಗೆ, ಪಾತ್ರೆ ಹಾಕಿಲ್ಲ.

ನವನಗರ: ಪ್ಲೈ ಎಷ್ಟು ಎಂಎಂ?