ಹಾಲ್‌ಗೆ ಕೈಯಲ್ಲಿ ಬರೆದ ‘ನೀಲಿ ಕುದುರೆಗಳು’ ಬೇಕು, ಬರೆಸಿದವರು ಅನುಭವ ಹೇಳ್ತೀರಾ?

ಪ್ರಶ್ನೆ (ಸರಸ್ವತಿ ನಗರ, ದಾವಣಗೆರೆ)

ಹೊಸ ಮನೆಯ ಹಾಲ್‌ಗೆ ಜರ್ಮನಿಯ ಚಿತ್ರಕಾರ ಫ್ರಾಂಟ್ಸ್ ಮಾರ್ಕ್‌ನ ‘ದೊಡ್ಡ ನೀಲಿ ಕುದುರೆಗಳು’ ಚಿತ್ರ ಹಾಕಬೇಕು ಅಂತ ಆಸೆ. ಪ್ರಿಂಟ್ ಬೇಡ, ಆಯಿಲ್ ಬಣ್ಣದಲ್ಲಿ ಕೈಯಲ್ಲೇ ಬರೆದದ್ದು ಬೇಕು. ಮಗಳಿಗೆ ನಾರ್ವೆಯ ಚಿತ್ರಕಾರ ಮುಂಕ್‌ನ ‘ದಿ ಸ್ಕ್ರೀಮ್’ (ಚೀತ್ಕಾರ) ಕೂಡ ಬೇಕಂತೆ. ಆನ್‌ಲೈನ್‌ನಲ್ಲಿ ತರಿಸೋದಾ, ಇಲ್ಲೇ ಯಾರ ಹತ್ತಿರವಾದರೂ ಬರೆಸೋದಾ? ಗೋಡೆಯಲ್ಲಿ ಮೂರಡಿಗೆ ಮೂರಡಿ ಜಾಗ ಇದೆ. ಕಾರ್ತಿಕದಲ್ಲಿ ಗೃಹಪ್ರವೇಶ.

ನಿಟುವಳ್ಳಿಯಿಂದ

ಅಣ್ಣಾ, ನಾವು ಆನ್‌ಲೈನ್‌ನಲ್ಲಿ ತರಿಸಿದ್ವಿ. ಕೈಯಲ್ಲಿ ಬರೆದದ್ದು ಅಂತಲೇ ಹೇಳಿದ್ದರು. ಬಂದದ್ದು ಕ್ಯಾನ್ವಾಸ್ ಮೇಲಿನ ಪ್ರಿಂಟ್, ಅದರ ಮೇಲೆ ಪಾರದರ್ಶಕ ಜೆಲ್. ಮುಟ್ಟಿದರೆ ಬ್ರಷ್ ಗೆರೆ ಸಿಗುತ್ತೆ, ಅದಕ್ಕೇ ಗೊತ್ತಾಗಲ್ಲ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಕುದುರೆಯ ಕುತ್ತಿಗೆ ಬಾಗಿದ ಕಡೆ ಬ್ರಷ್ ಗೆರೆಯೂ ಬಾಗಿರಬೇಕು. ನಮ್ಮದರಲ್ಲಿ ಉಬ್ಬುಗೆರೆ ಒಂದು ದಿಕ್ಕು, ಚಿತ್ರ ಒಂದು ದಿಕ್ಕು. ಭೂತಗನ್ನಡಿ ಹಿಡಿದರೆ ಸಣ್ಣ ಸಣ್ಣ ಚುಕ್ಕೆ. ವಾಪಸ್ ಕಳಿಸಿ ದುಡ್ಡು ಬರುವಷ್ಟರಲ್ಲಿ ಸಾಕಾಯ್ತು. ಎಲ್ಲರೂ ಹೀಗೇ ಅಂತ ಅಲ್ಲ. ಪೂರ್ತಿ ದುಡ್ಡು ಕಟ್ಟುವ ಮುಂಚೆ ನಿಮ್ಮ ಚಿತ್ರ ಅರ್ಧ ಆಗಿರುವಾಗಿನ ಫೋಟೊ ಕೇಳಿ. ಕೊಡಲ್ಲ ಅಂದ್ರೆ ಬಿಟ್ಟುಬಿಡಿ.

ವಿದ್ಯಾನಗರದಿಂದ, ಚಿತ್ರಕಲಾ ಶಿಕ್ಷಕಿ

ಸರ್, ಇಲ್ಲೇ ಬರೆಸಿ. ನಮ್ಮೂರಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ. ಅಲ್ಲಿ ಕಲಿತವರು ಸುತ್ತಮುತ್ತ ಸಿಗುತ್ತಾರೆ, ವಿಚಾರಿಸಿ. ಹತ್ತಿರದವರಾದರೆ ಬರೆಯುವಾಗ ಹೋಗಿ ನೋಡಬಹುದು. ಈ ಥರದ ಚಿತ್ರಕ್ಕೆ ಅದು ಬೇಕೇ ಬೇಕು. ರವಿವರ್ಮನ ಕಾಪಿಯಲ್ಲಿ ಮುಖ, ಸೀರೆ, ಒಡವೆ ಹೋಲಿದರೆ ಅರ್ಧ ಗೆದ್ದ ಹಾಗೆ. ಮಾರ್ಕ್, ಮುಂಕ್ ಅವರದ್ದರಲ್ಲಿ ಹೋಲಿಕೆ ಬೇಗ ಬರುತ್ತೆ, ಕೈಯ ಬೀಸು ಬರೋದು ಕಷ್ಟ.

ಮೊದಲು ಅಳತೆ. ಮೂಲ ಚಿತ್ರ 1911ರದ್ದು, ಅಮೆರಿಕದ ಮಿನಿಯಾಪೊಲಿಸ್‌ನ ವಾಕರ್ ಆರ್ಟ್ ಸೆಂಟರ್‌ನಲ್ಲಿದೆ. ಅಗಲ ಸುಮಾರು 181 ಸೆಂ.ಮೀ., ಎತ್ತರ 106. ಅಂದ್ರೆ ಹತ್ತಿರ ಹತ್ತಿರ ಆರಡಿಗೆ ಮೂರೂವರೆ ಅಡಿ. ಚೌಕ ಜಾಗಕ್ಕೆ ಕೂರಿಸಿ ಅಂದರೆ ಕುದುರೆಯನ್ನು ಕತ್ತರಿಸಬೇಕು, ಇಲ್ಲ ಹಿಸುಕಬೇಕು. ಮೂರಡಿ ಅಗಲ, ಒಂದೂಮುಕ್ಕಾಲು ಅಡಿ ಎತ್ತರ ಇಡಿಸಿ. ಮೇಲೆ ಕೆಳಗೆ ಗೋಡೆ ಖಾಲಿ ಇರಲಿ, ಚೆನ್ನಾಗಿಯೇ ಕಾಣುತ್ತೆ.

ಇನ್ನು ನೀಲಿ. ಮೂರು ಕುದುರೆಗಳು ತಲೆ ಬಗ್ಗಿಸಿ ನಿಂತಿವೆ. ಅವುಗಳ ಬೆನ್ನು, ಕುತ್ತಿಗೆಯ ಬಾಗು ಹಿಂದಿನ ಕೆಂಪು ಗುಡ್ಡಗಳಲ್ಲೂ ಮುಂದುವರಿಯುತ್ತದೆ. ನಾನು ನೋಡಿದ ಎಷ್ಟೋ ಕಾಪಿಗಳಲ್ಲಿ ಒಂದೇ ನೀಲಿ ಬಳಿದು, ಅಂಚಿಗೆ ಕಪ್ಪು ಗೆರೆ ಎಳೆದಿರುತ್ತಾರೆ. ಕುದುರೆಗೆ ಮೈ ತುಂಬೋದೇ ಇಲ್ಲ. ಮೂಲದಲ್ಲಿ ಮೈ ಉಬ್ಬಿದ ಕಡೆ ತಿಳಿ, ತಗ್ಗಿದ ಕಡೆ ಗಾಢ. ಅರ್ಧ ಆದಾಗ ಹೋಗಿ ಬೇರೆ ಏನೂ ಬೇಡ, ಇದೊಂದನ್ನು ನೋಡಿ. ಮಾರ್ಕ್‌ಗೆ ನೀಲಿ ಸುಮ್ನೆ ಚಂದಕ್ಕೆ ಹಾಕಿದ ಬಣ್ಣ ಅಲ್ಲ. 1910ರಲ್ಲಿ ಗೆಳೆಯ ಆಗಸ್ಟ್ ಮಾಕೆಗೆ ಬರೆದ ಪತ್ರದಲ್ಲಿ ನೀಲಿ ಗಂಡು ಬಣ್ಣ, ಹಳದಿ ಹೆಣ್ಣು ಬಣ್ಣ ಅಂತ ವಿವರಿಸಿದ್ದಾನೆ. ಬಣ್ಣದ ಟ್ಯೂಬ್ ಮೇಲೆ ಕೋಬಾಲ್ಟ್ ನೀಲಿ ‘ಹ್ಯೂ’ ಅಂತ ಇದ್ದರೆ ಅದರಲ್ಲಿರುವುದು ಅಸಲಿ ಕೋಬಾಲ್ಟ್ ಅಲ್ಲ, ಬದಲಿ ಬಣ್ಣ. ಯಾವ ನೀಲಿ ಹಾಕ್ತೀರಿ ಅಂತ ಮೊದಲೇ ಕೇಳಿ.

‘ದಿ ಸ್ಕ್ರೀಮ್’ಗೆ ಬೇರೆಯೇ ಲೆಕ್ಕ. ಓಸ್ಲೋದಲ್ಲಿರುವ 1893ರ ಚಿತ್ರ ಕ್ಯಾನ್ವಾಸ್ ಮೇಲಿಲ್ಲ, ರಟ್ಟಿನ ಮೇಲಿದೆ. ಆಯಿಲ್ ಜೊತೆ ಟೆಂಪೆರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ), ಪ್ಯಾಸ್ಟೆಲ್ (ಬಣ್ಣದ ಕಡ್ಡಿ) ಕೂಡ ಸೇರಿವೆ. ಬಣ್ಣ ತೆಳು, ನಡುನಡುವೆ ರಟ್ಟಿನ ಕಂದು ಹಾಗೇ ಕಾಣುತ್ತೆ. ಹೊಳೆಯುವ ದಪ್ಪ ಬಣ್ಣ ಮೆತ್ತಿದರೆ ಆ ನಡುಕ ಹೋಯ್ತು. ಕ್ಯಾನ್ವಾಸ್‌ಗೆ ಮೊದಲು ತಿಳಿ ಕಂದು ಬಳಿದು, ಬಣ್ಣಕ್ಕೆ ಟರ್ಪೆಂಟೈನ್ ಸೇರಿಸಿ ತೆಳುವಾಗಿ ಬರೆಯೋಕೆ ಹೇಳಿ.

ಕಾರ್ತಿಕ ಅಂದ್ರೆ ಈಗಲೇ ಶುರು ಮಾಡಿಸಿ. ಆಯಿಲ್ ಬಣ್ಣದಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗಿ ಒಣಗಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತೆ. ತೆಳು ಪದರ ಮುಟ್ಟುವಷ್ಟು ಒಣಗಲು ಒಂದೆರಡು ವಾರ, ದಪ್ಪ ಇದ್ದರೆ ತಿಂಗಳುಗಳು. ವಾರ್ನಿಷ್‌ಗೆ 6 ತಿಂಗಳಾದರೂ ಬಿಡಿ. ಹೋಮ ಮುಗಿದು ಹೊಗೆ ಪೂರ್ತಿ ಹೋದ ಮೇಲೆಯೇ ತೂಗುಹಾಕಿ. ಹಸಿ ಬಣ್ಣಕ್ಕೆ ಮಸಿ ಅಂಟಿದರೆ ತೆಗೆಯೋದು ಬಹಳ ಕಷ್ಟ.

ಮಂಡಿಪೇಟೆಯಿಂದ, ಫ್ರೇಮ್ ಕೆಲಸದವರು

ಹೊಸ ಗೋಡೆಯಲ್ಲಿ ತೇವ ಇರುತ್ತೆ ಸರ್. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡಲಿ. ಗಾಜು ಬೇಡ. ನೇರ ಬಿಸಿಲೂ ಬೇಡ, ಕತ್ತಲೆ ಮೂಲೆಯೂ ಬೇಡ. ಅಗಸೆ ಎಣ್ಣೆ ಕತ್ತಲಲ್ಲಿ ಜಾಸ್ತಿ ಹಳದಿ ತಿರುಗುತ್ತೆ. ಧೂಳಿಗೆ ಒಣಗಿದ ಮೆತ್ತನೆ ಬ್ರಷ್ ಸಾಕು, ಒದ್ದೆ ಬಟ್ಟೆ ಮುಟ್ಟಿಸಬೇಡಿ. ಚೌಕಟ್ಟಿನ ಮೂಲೆಗಳಿಗೆ ಬೆಣೆ ಇಡಿಸಿ. ಕ್ಯಾನ್ವಾಸ್ ಸಡಿಲವಾದರೆ ಬೆಣೆ ತಟ್ಟಿ ಬಿಗಿ ಮಾಡಬಹುದು. ಸುರುಳಿ ಸುತ್ತಿ ತರುವುದಾದರೆ ಬಣ್ಣದ ಮುಖ ಹೊರಗಿರಬೇಕು, ದಪ್ಪ ಕೊಳವೆಗೆ ಸುತ್ತಬೇಕು.

ಚಿತ್ರದುರ್ಗದಿಂದ

ಮೆಟ್ಟಿಲ ಹತ್ತಿರ ಎತ್ತರದ ಗೋಡೆ ಇದ್ದರೆ ಮಾರ್ಕ್‌ನದೇ ‘ನೀಲಿ ಕುದುರೆಗಳ ಗೋಪುರ’ ಯೋಚಿಸಿ. 1913ರದ್ದು, 2 ಮೀಟರ್ ಎತ್ತರ. ನಾಜಿಗಳು 1937ರಲ್ಲಿ ಅದನ್ನು ಕೆಟ್ಟ ಕಲೆ ಅಂತ ಮ್ಯೂನಿಕ್‌ನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. 1945ರಿಂದ ಮೂಲ ಚಿತ್ರದ ಪತ್ತೆಯೇ ಇಲ್ಲ. ನನ್ನ ಮನೆಯಲ್ಲಿರೋದು ಅದರ ಕಾಪಿ. ಅದರ ಮುಂದೆ ನಿಂತಾಗ ನನಗೆ ಕಾಪಿ ಅನ್ನೋ ಮಾತು ಸಣ್ಣದು ಅನ್ನಿಸಲ್ಲ.

ಸರಸ್ವತಿ ನಗರದಿಂದ, ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇಲ್ಲೇ ಬರೆಸ್ತೀನಿ. ಮೇಡಂ, ಹೀಗೆ ಕಾಪಿ ಮಾಡಿಸೋದು ಕಾನೂನಿಗೆ ಸರಿನಾ?

ವಿದ್ಯಾನಗರದಿಂದ, ಚಿತ್ರಕಲಾ ಶಿಕ್ಷಕಿ

ಇವೆರಡಕ್ಕೂ ತೊಂದರೆ ಇಲ್ಲ. ನಮ್ಮ ದೇಶದಲ್ಲಿ ಕಲಾವಿದ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತೆ. ಮಾರ್ಕ್ 1916ರಲ್ಲಿ ಯುದ್ಧದಲ್ಲಿ ಸತ್ತ, ಮುಂಕ್ 1944ರಲ್ಲಿ. ಆದರೆ ಇದೇ ಕಾಲದ ಆಸ್ಟ್ರಿಯಾದ ಚಿತ್ರಕಾರ ಕೊಕೋಷ್ಕಾ ತೀರಿಕೊಂಡದ್ದು 1980ರಲ್ಲಿ, ಅವನದ್ದನ್ನು ಈಗ ಮುಟ್ಟಬೇಡಿ. ಚಿತ್ರದ ಮುಂಭಾಗದಲ್ಲಿ ಮಾರ್ಕ್‌ನ ಸಹಿ ಹಾಕಿಸಬೇಡಿ. ಹಿಂಭಾಗದಲ್ಲಿ ಮೂಲ ಯಾರದ್ದು, ಬರೆದವರು ಯಾರು, ಯಾವ ವರ್ಷ ಅಂತ ಕಲಾವಿದರ ಕೈಯಲ್ಲೇ ಬರೆಸಿ.